ಸಪ್ತಾಪುರದ ಮನೆಗೆ ಬಂದ ‘ಹೋರಾಟದ ಹಾದಿ’

ಮಗಳು ಈ ವರ್ಷ ಹತ್ತನೇ ತರಗತಿ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ ಸುತ್ತ ಎಲ್ಲಿ ನೋಡಿದರೂ ಕೋಚಿಂಗ್ ಬೋರ್ಡು. ಉತ್ತರ ಕಲಿಸುವವರು ಬೇಕಾದಷ್ಟು ಜನ. ಪ್ರಶ್ನೆ ಕೇಳೋದನ್ನು ಕಲಿಸುವವರು? ಅದಕ್ಕೇ ಸುಭಾಸ ರಸ್ತೆಗೆ ಹೋಗಿ ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ ತಂದೆ.

ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ ಓದಬೇಕೆಂಬ ಹಟಕ್ಕೆ ಬೆಂಗಳೂರಿಗೆ ನಡೆದೇ ಹೊರಟ. ಮುಂದೆ ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಇವರೇ. ಬೈಗುಳ ಬಂದರೂ ಜಗ್ಗಲಿಲ್ಲ. ಪುಸ್ತಕದ ಭಾಷೆ ನೀರು ಕುಡಿದಷ್ಟು ಸಲೀಸು.

ಆಡಳಿತದ ಜಗ್ಗಾಟದ ಪುಟಗಳು ಮಕ್ಕಳಿಗೆ ಸ್ವಲ್ಪ ಜಾಸ್ತಿಯೇ ಆಗುತ್ತವೆ. ಮಗಳು ಅವನ್ನು ಹಾರಿಸಿದಳು, ನಾನೂ ಸುಮ್ಮನಿದ್ದೆ.

ಹೋದ ವಾರ ಅವಳ ಕಾಕಾ ವಾಟ್ಸಾಪಿನಲ್ಲಿ ಬಂದ ಯಾವುದೋ ಬೇರಿನ ಔಷಧಿ ಸುದ್ದಿಯನ್ನು ಜೋರಾಗಿ ಓದಿದರು. ಇವಳು ಚಪಾತಿ ಹರಿಯೋದನ್ನು ನಿಲ್ಲಿಸಿ, “ಕಾಕಾ, ಇದನ್ನ ಯಾರು ಪರೀಕ್ಷೆ ಮಾಡ್ಯಾರ? ಎಷ್ಟು ಮಂದಿ ಮ್ಯಾಲೆ?” ಅಂದಳು. ಕಾಕಾ ಕನ್ನಡಕ ಏರಿಸಿಕೊಂಡು ಮೊದಲಿಂದ ಮತ್ತೆ ಓದತೊಡಗಿದರು. ನನಗೆ ಕಣ್ಣು ತುಂಬಿ ಬಂತು. ಹದಿನಾಲ್ಕು ದಾಟಿದ ಮಕ್ಕಳಿರುವ ಮನೆಯವರು ದಯವಿಟ್ಟು ಒಂದು ಪ್ರತಿ ತಂದಿಡಿ.