93,287ಕ್ಕೆ ನಿಂತ ಸ್ಪ್ಲೆಂಡರ್: ಮೀಟರ್ ರಿಪೇರಿ ಮಾಡಿಸಿದ ಎರಡು ವರ್ಷಗಳ ಅನುಭವ

ನನ್ನ ಗಾಡಿ 2003ರ ಹೀರೋ ಹೋಂಡಾ ಸ್ಪ್ಲೆಂಡರ್. ಅಪ್ಪ ಕೊಂಡದ್ದು, 2019ರಿಂದ ನನ್ನ ಕೈಯಲ್ಲಿದೆ. ಬೀಜದ ಕಂಪನಿಯೊಂದರ ಪರವಾಗಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತುವುದು ನನ್ನ ಕೆಲಸ. ತಿಂಗಳಿಗೆ ಸಾವಿರದ ನೂರು ಕಿಲೋಮೀಟರ್ ಆಗಿಯೇ ಆಗುತ್ತದೆ. ಬೆಳಿಗ್ಗೆ ಕಲಬುರಗಿ ಬಿಡುವಾಗ ಒಂದು, ಸಂಜೆ ಮರಳಿದಾಗ ಒಂದು ಮೀಟರಿನ ಫೋಟೊ ಕಳುಹಿಸಬೇಕು. ಅದರ ಮೇಲೆ ಪ್ರಯಾಣ ಭತ್ಯೆ. ಆದ್ದರಿಂದ 2023ರ ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ವಾರ, ಅಂಕಿ 93,287ಕ್ಕೆ ನಿಂತಾಗ ನನಗೆ ಆದ ಸಂಕಟ ಸಣ್ಣದಲ್ಲ.

ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪ ಗಾಡಿ ಕೊಂಡ ದಿನದಿಂದ ಒಂದು ಗೆರೆಪುಸ್ತಕ ಇಟ್ಟಿದ್ದಾರೆ. ದಿನಾಂಕ, ಮೀಟರಿನ ಅಂಕಿ, ಹಾಕಿಸಿದ ಪೆಟ್ರೋಲ್, ಬದಲಿಸಿದ ಸಾಮಾನು. ನಾನೂ ಅದೇ ಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ. ಬೇಕಾದಾಗ ಸೊನ್ನೆಗೆ ತಂದು ಎಣಿಸುವ ಟ್ರಿಪ್ ಮೀಟರ್ ಈ ಗಾಡಿಯಲ್ಲಿ ಇಲ್ಲ. ಮೈಲೇಜ್ ಇಳಿಯಿತೇ, ಆಯಿಲ್ ಬದಲಿಸುವ ಹೊತ್ತಾಯಿತೇ, ಚೈನ್ ಎಷ್ಟು ಓಡಿದೆ ಎಂಬುದೆಲ್ಲ ತಿಳಿಯುವುದು ಆ ಅಂಕಿಗಳಿಂದಲೇ.

ಮೊದಲು ಹೋದ ಗ್ಯಾರೇಜಿನಲ್ಲಿ ಕೇಬಲ್ ಹೋಗಿದೆ ಎಂದರು. 120 ರೂಪಾಯಿ ಕೊಟ್ಟು ಹೊಸ ಕೇಬಲ್ ಹಾಕಿಸಿದೆ. ಅಂಕಿ ಕದಲಲಿಲ್ಲ. ಆ ದಿನ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಿದೆ: ವೇಗದ ಮುಳ್ಳು ಓಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ತಪ್ಪು ಕೇಬಲಿನದ್ದಲ್ಲ. ಮುಂಚಕ್ರದ ಬ್ರೇಕ್ ಪ್ಲೇಟಿನಲ್ಲಿರುವ ಗಿಯರ್ ಕೇಬಲನ್ನು ತಿರುಗಿಸುತ್ತದೆ, ಕೇಬಲ್ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲೊಂದಿದೆ. ಅಯಸ್ಕಾಂತ ಅದನ್ನು ಮುಟ್ಟದೆಯೇ ತನ್ನೊಡನೆ ಸೆಳೆಯುತ್ತದೆ; ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ವೇಗ. ಅಂಕಿಗಳಿಗೆ ಇಂಥ ಸೆಳೆತವಿಲ್ಲ, ಅವು ಹಲ್ಲಿಗೆ ಹಲ್ಲು ಕೂಡಿ ನಡೆಯುತ್ತವೆ. ಹಾಗಾಗಿ ಎರಡೂ ಒಟ್ಟಿಗೆ ಸತ್ತರೆ ಕೇಬಲ್ ಅಥವಾ ಚಕ್ರದ ಬಳಿಯ ಗಿಯರ್ ನೋಡಬೇಕು. ಮುಳ್ಳು ಬದುಕಿ ಅಂಕಿ ಸತ್ತರೆ ಮೀಟರನ್ನೇ ಬಿಚ್ಚಬೇಕು. ಎರಡೂ ಸತ್ತಾಗ ಒಂದು ಸುಲಭದ ಪರೀಕ್ಷೆ ಇದೆ: ಕೇಬಲಿನ ಮೇಲ್ತುದಿಯನ್ನು ಮೀಟರಿನಿಂದ ಬಿಚ್ಚಿ, ಮುಂಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ, ಒಳಗಿನ ತಂತಿ ಸುತ್ತುತ್ತಿದೆಯೇ ನೋಡಿ. ಎರಡು ನಿಮಿಷದ ಕೆಲಸ.

ನಂತರ ಹೊಸ ಮೀಟರೇ ಹಾಕಿಸಿ ಎಂಬ ಸಲಹೆ ಬಂತು. ಕಂಪನಿಯದ್ದಲ್ಲದ, ನಕಲಿ ಮೀಟರ್, 650 ರೂಪಾಯಿ. ಹಾಕಿಸಿದೆ. ನೂರಾರು ಹಗಲು ಓಡಿದ ಗಾಡಿಯ ಮುಖದಲ್ಲಿ 00000 ಎಂದು ಕಂಡಾಗ ಮನಸ್ಸಿಗೆ ಹಿಡಿಸಲಿಲ್ಲ, ಆದರೆ ಕೆಲಸ ನಡೆಯಬೇಕಲ್ಲ. ಎರಡು ತಿಂಗಳಲ್ಲಿ ಅದರ ಗುಣ ಗೊತ್ತಾಯಿತು. ಮುಳ್ಳು ನಲವತ್ತರ ಸುತ್ತ ನಡುಗುತ್ತಿತ್ತು, ಮಳೆ ಬಂದ ಮರುದಿನ ಗಾಜಿನೊಳಗೆ ಹನಿ ಕಟ್ಟುತ್ತಿತ್ತು. ಅದಕ್ಕಿಂತ ದೊಡ್ಡ ದೋಷ ಲೆಕ್ಕದ್ದು. ಜೇವರ್ಗಿ ರಸ್ತೆಯಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಹೋದೆ. ಮೂವತ್ತು ಕಲ್ಲು ದಾಟುವಷ್ಟರಲ್ಲಿ ಮೀಟರ್ ಮೂವತ್ತೆರಡು ದಾಟಿತ್ತು. ಓಡದ ಕಿಲೋಮೀಟರಿಗೆ ಭತ್ಯೆ ಪಡೆಯುವುದು ನನ್ನಿಂದಾಗದು. ಅಂದೇ ಅದನ್ನು ಬಿಚ್ಚಿಸಿ ಹಳೆಯದನ್ನು ಮತ್ತೆ ಕೂರಿಸಿದೆ. ಮುಂದಿನ ತಿಂಗಳುಗಳಲ್ಲಿ ಗೆರೆಪುಸ್ತಕದ ಹಿಂದಿನ ಪುಟಗಳಿಂದ ಯಾವ ಊರಿಗೆ ಎಷ್ಟು ದೂರ ಎಂದು ತೆಗೆದು, ಚಿಲ್ಲರೆ ಬಿಟ್ಟು ಲೆಕ್ಕ ಕೊಟ್ಟೆ. ಮೇಲಿನವರು ಒಪ್ಪಿದರು.

2024ರ ಜನವರಿಯಲ್ಲಿ ಆಟೊ ಚಾಲಕರೊಬ್ಬರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಗಲ್ಲಿಯೊಂದರಲ್ಲಿರುವ ಮೀಟರ್ ರಿಪೇರಿಯವರ ಗುರುತು ಹೇಳಿದರು. ಒಬ್ಬರು ಕೂರುವಷ್ಟೇ ಜಾಗ, ಗಡಿಯಾರದವರ ಬಳಿ ಇರುವಂಥ ಕಣ್ಣುಗಾಜು, ಹಿಂದಿನ ಡಬ್ಬಿಗಳಲ್ಲಿ ಹಳೆಯ ಮೀಟರುಗಳ ರಾಶಿ. ಅವರ ಕೆಲಸವನ್ನು ನಾನು ಎರಡು ಗಂಟೆ ನಿಂತು ನೋಡಿದೆ.

ಗಾಜು ತೆಗೆದ ಮೇಲೆ ಅವರು ಮುಳ್ಳನ್ನು ಕಿತ್ತುಹಾಕಲಿಲ್ಲ. ಮೊದಲು ಅದನ್ನು ತಡೆಗಡ್ಡಿಯ ಮೇಲಿಂದ ಮೆಲ್ಲಗೆ ದಾಟಿಸಿ, ಸ್ಪ್ರಿಂಗಿಗೆ ಯಾವ ಬಲವೂ ಇಲ್ಲದಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಪೆನ್ಸಿಲಿನಿಂದ ಚುಕ್ಕಿ ಇಟ್ಟರು. ತಿರುಗಿ ಹಾಕುವಾಗ ಆ ಚುಕ್ಕಿಗೇ ಕೂರಿಸಿದರೆ ವೇಗ ಸರಿಯಾಗಿ ತೋರಿಸುತ್ತದೆ, ಇಲ್ಲದಿದ್ದರೆ ಮೀಟರ್ ಜೀವನವಿಡೀ ತಪ್ಪು ಹೇಳುತ್ತದೆ ಎಂದರು. ಆಮೇಲೆ ಮುಖಫಲಕ ಎತ್ತಿ, ಚಿಮುಟದ ತುದಿಯಿಂದ ಒಂದು ಬಿಳಿ ಪ್ಲಾಸ್ಟಿಕ್ ಗಿಯರನ್ನು ತೋರಿಸಿದರು. ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು. ಉಕ್ಕಿನ ಕಡ್ಡಿಯ ಮೇಲೆ ಬಿಗಿಯಾಗಿ ಕೂತಿರಬೇಕಾದ ಅದರಲ್ಲಿ ಒಂದು ಹಲ್ಲಿನ ಬುಡದಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ಕಡ್ಡಿ ಸುತ್ತುತ್ತಿತ್ತು, ಗಿಯರ್ ಅದರ ಮೇಲೆ ಜಾರುತ್ತ ನಿಂತಲ್ಲೇ ನಿಂತಿತ್ತು. ಇಪ್ಪತ್ತು ಬೇಸಿಗೆಗಳ ಬಿಸಿಲಿಗೆ ಪ್ಲಾಸ್ಟಿಕ್ ಒಣಗಿ ಕುಗ್ಗಿತು, ಒಳಗಿನ ಉಕ್ಕು ಕುಗ್ಗಲಿಲ್ಲ. ಏಳು ತಿಂಗಳ ನನ್ನ ಪರದಾಟಕ್ಕೆ ಕಾರಣ ಅಷ್ಟೇ.

ಅಂಟು ಹಾಕಿ ಕೂರಿಸಿದರು. ಮುಚ್ಚುವ ಮೊದಲು, ನಿಂತುಹೋದ ತಿಂಗಳುಗಳ ಅಂಕಿ ಸೇರಿಸಿ ಕೊಡಲೇ ಎಂದು ಕೇಳಿದರು. ಅಂಕಿ ಬರೆದ ಉರುಳೆಗಳ, ಅಂದರೆ ಡ್ರಮ್ಮುಗಳ, ನಡುವಿನ ಪುಟ್ಟ ಗಿಯರುಗಳನ್ನು ಸರಿಸಿದರೆ ಯಾವ ಅಂಕಿಯನ್ನಾದರೂ ತರಬಹುದು. ಬೇಡ ಎಂದೆ. ಆ ತಿಂಗಳುಗಳಲ್ಲಿ ಸುಮಾರು 7,600 ಕಿಲೋಮೀಟರ್ ಆಗಿದೆ ಎಂಬುದು ನನ್ನ ಅಂದಾಜು. ಅಂದಾಜನ್ನು ಪುಸ್ತಕದಲ್ಲಿ ಅಂದಾಜು ಎಂದೇ ಬರೆಯಬೇಕು, ಮೀಟರಿನ ಬಾಯಿಯಲ್ಲಿ ಹೇಳಿಸಬಾರದು. ಮುಂದೆ ಈ ಗಾಡಿಯನ್ನು ಯಾರಾದರೂ ಕೊಂಡರೆ ಅವರಿಗೂ ಆ ಪುಟ ತೋರಿಸುತ್ತೇನೆ. ರಿಪೇರಿಗೆ 350 ರೂಪಾಯಿ ತೆಗೆದುಕೊಂಡರು.

ಇನ್ನು ಬಾಳಿಕೆ. ಮೊದಲ ರಿಪೇರಿ ಮೂರೇ ತಿಂಗಳು ಬಂತು, ಇದನ್ನು ಮುಚ್ಚಿಡುವುದಿಲ್ಲ. ಏಪ್ರಿಲ್‌ನಲ್ಲಿ ಜೇವರ್ಗಿ ಬಸ್ ನಿಲ್ದಾಣದ ಎದುರು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದ ದಿನ ಅಂಟು ಬಿಟ್ಟಿತು. ಕಟ್ಟಿ ಸಂಗಾವಿಯ ಹತ್ತಿರ ಭೀಮಾ ಸೇತುವೆ ದಾಟಿ ಬರುವಾಗ ನೋಡಿದರೆ ಅಂಕಿ ಮತ್ತೆ ನಿಂತಿತ್ತು. ಗಾಜಿನ ಒಳಮೈಯಲ್ಲಿ ಬೆಳ್ಳಗೆ ಬೂದಿಯಂಥ ಪೊರೆಯೂ ಕಟ್ಟಿತ್ತು. ಬೇಗ ಹಿಡಿಯುವ ಅಂಟಿನ ಆವಿ ಹಾಗೆ ಕೂರುತ್ತದೆ. ಮರುದಿನ ಹೋದೆ. ಅವರು ವಾದಿಸಲಿಲ್ಲ. ಡಬ್ಬಿಯಲ್ಲಿದ್ದ ಹಳೆಯ ಸ್ಪ್ಲೆಂಡರ್ ಮೀಟರೊಂದನ್ನು ಬಿಚ್ಚಿ, ಹಲ್ಲುಗಳನ್ನು ಎಣಿಸಿ ಹೋಲಿಸಿ, ಬಿರುಕಿಲ್ಲದ ಗಿಯರ್ ತೆಗೆದು ಹಾಕಿದರು, ಗಾಜು ಒರೆಸಿದರು, ಹಣ ಕೇಳಲಿಲ್ಲ. ಹಲ್ಲು ಒಂದು ಹೆಚ್ಚುಕಡಿಮೆಯಾದರೂ ದೂರದ ಲೆಕ್ಕವೇ ಕೆಡುತ್ತದೆ, ಆದ್ದರಿಂದ ಆ ಎಣಿಕೆ ಮುಖ್ಯ. ಅಂದಿನಿಂದ ಇಂದಿನವರೆಗೆ ಒಂದು ದಿನವೂ ನಿಂತಿಲ್ಲ.

ಅದಕ್ಕೆ ನಿಜವಾದ ಪರೀಕ್ಷೆ ಬಂದದ್ದು 2024ರ ಆಗಸ್ಟ್‌ನಲ್ಲಿ, ಆಳಂದ ರಸ್ತೆಯಲ್ಲಿ. ಮೀಟರ್ 99,999 ತೋರಿಸುತ್ತಿತ್ತು. ಸಾಮಾನ್ಯವಾಗಿ ಬಲತುದಿಯ ಡ್ರಮ್ ಮಾತ್ರ ತಿರುಗುತ್ತದೆ, ಹತ್ತಕ್ಕೊಮ್ಮೆ ಪಕ್ಕದ್ದನ್ನು ತಳ್ಳುತ್ತದೆ. ಎಲ್ಲ ಒಂಬತ್ತುಗಳೂ ಸೊನ್ನೆಯಾಗುವಾಗ ಎಲ್ಲ ಡ್ರಮ್ಮುಗಳನ್ನೂ ಆ ಬದಲಿಸಿದ ಬಿಳಿ ಗಿಯರ್ ಒಂದೇ ಸಲಕ್ಕೆ ಎಳೆಯಬೇಕು. ದುರ್ಬಲವಾಗಿದ್ದರೆ ಬಿರಿಯುವುದು ಅಲ್ಲೇ. ರಸ್ತೆ ಖಾಲಿ ಇತ್ತು, ಎರಡೂ ಕಡೆ ಮೊಣಕಾಲೆತ್ತರ ತೊಗರಿ. ಗಾಡಿಯಿಂದ ಇಳಿದು ನ್ಯೂಟ್ರಲ್‌ಗೆ ಹಾಕಿ ತಳ್ಳುತ್ತ ನಡೆದೆ. ಐದೂ ಒಂಬತ್ತುಗಳು ಒಟ್ಟಿಗೆ ಮೇಲೆದ್ದು ಅರ್ಧ ಒಂಬತ್ತು, ಅರ್ಧ ಸೊನ್ನೆಯಾಗಿ ಕಂಡವು, ಆಮೇಲೆ ಸಾಲಾಗಿ ಐದು ಸೊನ್ನೆ. ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಪುಸ್ತಕದಲ್ಲಿ ಹೊಸ ಪುಟ ಹಿಡಿ, ಮೇಲೆ ಒಂದು ಲಕ್ಷ ಎಂದು ಬರೆ ಎಂದರು.

ಇಂದು ಮೀಟರ್ 19,687 ತೋರಿಸುತ್ತಿದೆ. ಅದೇ ಮೂವತ್ತು ಕಲ್ಲುಗಳ ಪರೀಕ್ಷೆಯನ್ನು ಮೂರು ಸಲ ಮಾಡಿದ್ದೇನೆ. ಮೂವತ್ತೂವರೆಗಿಂತ ಹೆಚ್ಚು ಬಂದಿಲ್ಲ. ಟಯರ್ ಸವೆತವೂ ಇದಕ್ಕೆ ಸೇರುತ್ತದೆ. ಮನೆಯಂಗಳದ ಶಹಾಬಾದ್ ಕಲ್ಲಿನ ಮೇಲೆ ಸುಣ್ಣದ ಗುರುತು ಹಾಕಿ, ಗಾಡಿಯ ಮೇಲೆ ಕೂತು ಅಳೆದೆ: ಹೊಸ ಮುಂದಿನ ಟಯರ್ ಒಂದು ಸುತ್ತಿಗೆ 184 ಸೆಂಟಿಮೀಟರ್, ಸವೆದದ್ದು 181. ಚಿಕ್ಕ ಸುತ್ತಾದರೆ ಅದೇ ದೂರಕ್ಕೆ ಹೆಚ್ಚು ಸುತ್ತು ಬೇಕು; ನೂರು ಕಿಲೋಮೀಟರಿಗೆ ಒಂದೂವರೆಯಷ್ಟು ಹೆಚ್ಚು ತೋರಿಸುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ಮುಳ್ಳು ಸ್ವಲ್ಪ ನಡುಗಿತು. ಮೀಟರ್ ತಪ್ಪಲ್ಲ, ಪಂಕ್ಚರ್ ಹಾಕಿಸಿದಾಗ ಕೇಬಲನ್ನು ಕೊಕ್ಕೆಯಿಂದ ಹೊರಗೆ ಬಿಟ್ಟಿದ್ದರು, ಅದು ಹ್ಯಾಂಡಲ್ ಬಳಿ ಚೂಪಾಗಿ ಬಾಗಿತ್ತು. ಸರಿಪಡಿಸಿದ ಕೂಡಲೇ ನಡುಕ ನಿಂತಿತು. ಪಂಕ್ಚರ್ ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ: ಬ್ರೇಕ್ ಪ್ಲೇಟಿನ ಗಿಯರ್ ಹಬ್ಬಿನ ಕಚ್ಚಿಗೆ ಸರಿಯಾಗಿ ಕೂರದೆ ಆಕ್ಸಲ್ ಬಿಗಿದರೆ ಗಿಯರೇ ಮುರಿಯುತ್ತದೆ. ಎರೆಮಣ್ಣಿನ ಕೆಸರು ಅಲ್ಲಿಗೂ ಇಳಿಯುವುದರಿಂದ ಮಳೆಗಾಲ ಮುಗಿದ ಮೇಲೆ ಬಿಚ್ಚಿಸಿ ತೊಳೆದು ಗ್ರೀಸ್ ಹಚ್ಚಿಸುತ್ತೇನೆ. ಕೇಬಲಿಗೂ ಗ್ರೀಸ್ ಬೇಕು, ಆದರೆ ಮೇಲ್ತುದಿಯ ಒಂದು ಗೇಣು ಬಿಟ್ಟು. ತಂತಿ ತಿರುಗುತ್ತ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ, ನಮ್ಮ ಬೇಸಿಗೆಯಲ್ಲಿ ಅದು ನೀರಾಗಿ ಮೀಟರಿನೊಳಗೆ ಸೇರಿ ಬಟ್ಟಲಿಗೆ ಅಂಟುತ್ತದೆ.

ಹಳೆಯ ಗಾಡಿ ಇಟ್ಟುಕೊಂಡವರು ನಕಲಿ ಮೀಟರಿಗೆ ಹಣ ಹಾಕುವ ಮೊದಲು ತಮ್ಮದನ್ನೇ ರಿಪೇರಿ ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಹೋಗುವಾಗ ಮೀಟರಿನ ಜೊತೆ ಕೇಬಲನ್ನೂ ಒಯ್ಯಿರಿ, ಅವರು ಅಲ್ಲೇ ತಿರುಗಿಸಿ ನೋಡುತ್ತಾರೆ. ಅಂಟು ಬೇಡ, ಬೇರೆ ಮೀಟರಿನ ಗಿಯರ್ ಇದ್ದರೆ ಮೊದಲೇ ಅದನ್ನು ಹಾಕಿ ಎಂದು ಕೇಳಿ. ಬಿಚ್ಚುವ ಮೊದಲು ಅಂಕಿಯ ಫೋಟೊ ತೆಗೆದುಕೊಳ್ಳಿ.