ಎಳೆಯುವಾಗ ಫೋಟೊ ಕಾಣಬೇಕು: ಸ್ವಿಂಗ್‌ನಲ್ಲಿ ಮೂರು ದಾರಿ ಹಾಕಿ ನೋಡಿದ ಹೋಲಿಕೆ

ವಿಂಡೋ, ಬಟನ್ ಇರುವ ಪ್ರೋಗ್ರಾಂ ಬರೆಯಲು ಜಾವಾದಲ್ಲಿರುವ ಸ್ವಿಂಗ್‌ನಲ್ಲಿ ಡ್ರ್ಯಾಗ್ ಅಂಡ್ ಡ್ರಾಪ್ (ಮೌಸ್‌ನಿಂದ ಎಳೆದು ಬಿಡುವುದು) ಬರೆಯುವುದು ಈಗ ಅಷ್ಟೇನೂ ಕಷ್ಟವಲ್ಲ. ಎಳೆದು ಬಿಡುವ ಕೆಲಸ ನೋಡಿಕೊಳ್ಳುವ ಟ್ರಾನ್ಸ್‌ಫರ್‌ಹ್ಯಾಂಡ್ಲರ್ ಕ್ಲಾಸ್ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಬಳಸುವವರ ಕಣ್ಣಿಗೆ ಏನು ಕಾಣುತ್ತದೆ ಅನ್ನೋದು ಬೇರೆ ಪ್ರಶ್ನೆ. ನೀವೇನೂ ಹೇಳದಿದ್ದರೆ ವಿಂಡೋಸ್‌ನಲ್ಲಿ, ಲಿನಕ್ಸ್‌ನಲ್ಲಿ ಕರ್ಸರ್‌ನ ಆಕಾರ ಮಾತ್ರ ಬದಲಾಗುತ್ತದೆ. ಹಿಡಿದಿರುವುದು ಯಾವ ಫೋಟೊ, ಒಂದೋ ಹತ್ತೋ, ಏನೂ ಗೊತ್ತಾಗುವುದಿಲ್ಲ.

ನಾನು ಬರೆಯುತ್ತಿರುವುದು ಮದುವೆ ಆಲ್ಬಂ ಪುಟ ಜೋಡಿಸುವ ಪ್ರೋಗ್ರಾಂ. ಎಡಗಡೆ ಸಾಲಾಗಿ ಥಂಬ್‌ನೇಲ್‌ಗಳು (ಫೋಟೊಗಳ ಪುಟ್ಟ ನಕಲು), ಬಲಗಡೆ ಖಾಲಿ ಚೌಕಗಳಿರುವ ಪುಟ. ಫೋಟೊ ಎಳೆದು ಚೌಕಕ್ಕೆ ಹಾಕಬೇಕು. ಒಂದೇ ಮಂಟಪದಲ್ಲಿ ತೆಗೆದ ಫೋಟೊಗಳು ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಹಾಗಾಗಿ ಕೈಯಲ್ಲಿರುವುದು ಯಾವುದು ಅಂತ ಕೊನೆಯವರೆಗೂ ಕಾಣುತ್ತಿರಬೇಕು. ಅದಕ್ಕೆ ಸ್ವಿಂಗ್‌ನಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಚಿತ್ರವನ್ನು ಆಪರೇಟಿಂಗ್ ಸಿಸ್ಟಂ ಕೈಗೇ ಕೊಡುವುದು ಒಂದು. ಕರ್ಸರ್ ಹಿಂದೆ ಓಡುವ ಪುಟ್ಟ ಪಾರದರ್ಶಕ ವಿಂಡೋ ಮಾಡುವುದು ಇನ್ನೊಂದು. ನಮ್ಮ ವಿಂಡೋವನ್ನೇ ಹೊದ್ದ ಗ್ಲಾಸ್ ಪೇನ್ ಅನ್ನುವ ಪದರದ ಮೇಲೆ ನಾವೇ ಚಿತ್ರ ಬರೆಯುವುದು ಮೂರನೆಯದು. ಮೂರನ್ನೂ ಇದೇ ಪ್ರೋಗ್ರಾಂಗೆ ಹಾಕಿ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಎಳೆದು ನೋಡಿದ್ದೇನೆ.

ಮೊದಲು ಸುಲಭದ ದಾರಿ. 2011ರಲ್ಲಿ ಬಂದ ಜಾವಾ 7ರಿಂದ ಟ್ರಾನ್ಸ್‌ಫರ್‌ಹ್ಯಾಂಡ್ಲರ್‌ಗೆ ಸೆಟ್‌ಡ್ರ್ಯಾಗ್‌ಇಮೇಜ್ ಅನ್ನುವ ಮೆಥಡ್ ಇದೆ. ಚಿತ್ರ ಕೊಟ್ಟರೆ ಸಾಕು, ಮುಂದಿನದನ್ನು ಸಿಸ್ಟಂ ನೋಡಿಕೊಳ್ಳುತ್ತದೆ. ಯಾವಾಗ ಕೊಡಬೇಕು ಅನ್ನೋದರಲ್ಲಿ ಒಂದು ಅನುಕೂಲ ಇದೆ. ಡ್ರ್ಯಾಗ್ ಶುರುವಾದಾಗ ಸ್ವಿಂಗ್ ಮೊದಲು, ಎಳೆಯಬೇಕಾದ ಡೇಟಾ ಕೊಡುವ ಕ್ರಿಯೇಟ್‌ಟ್ರಾನ್ಸ್‌ಫರಬಲ್ ಮೆಥಡ್ ಕರೆಯುತ್ತದೆ, ಆಮೇಲೆ ಚಿತ್ರ ಕೇಳುತ್ತದೆ. ಅಂದರೆ ಕ್ರಿಯೇಟ್‌ಟ್ರಾನ್ಸ್‌ಫರಬಲ್ ಒಳಗೇ, ಆ ಕ್ಷಣಕ್ಕೆ ಆಯ್ಕೆಯಾಗಿರುವ ಫೋಟೊ ನೋಡಿ ಚಿತ್ರ ತಯಾರಿಸಿ ಕೊಡಬಹುದು. ಮೌಸ್ ಒತ್ತಿದಾಗಲೇ ಎಲ್ಲವನ್ನೂ ಸಿದ್ಧ ಮಾಡಿಟ್ಟುಕೊಳ್ಳುವ ಗೋಜು ಬೇಡ.

ಜೊತೆಗೆ, ಕರ್ಸರ್‌ಗೆ ಹೋಲಿಸಿ ಚಿತ್ರ ಎಲ್ಲಿ ನಿಲ್ಲಬೇಕು ಅಂತ ಹೇಳುವ ಸೆಟ್‌ಡ್ರ್ಯಾಗ್‌ಇಮೇಜ್‌ಆಫ್‌ಸೆಟ್ ಕೂಡ ಕೊಡಲೇಬೇಕು. ಕೊಡದಿದ್ದರೆ ಅದು ಸೊನ್ನೆ, ಸೊನ್ನೆ. ಚಿತ್ರದ ಎಡ ಮೇಲ್ಮೂಲೆ ಕರ್ಸರ್ ತುದಿಗೆ ಬಂದು ಕೂರುತ್ತದೆ. ನನ್ನ ಥಂಬ್‌ನೇಲ್ 160 ಪಿಕ್ಸೆಲ್ ಅಗಲ, 120 ಎತ್ತರ. ಅದರ ಬಲ ಕೆಳಗಿನ ಭಾಗವನ್ನು, ಅಂದರೆ ಮೂಲೆಯಿಂದ 120, 90 ದೂರದ ಜಾಗವನ್ನು ಹಿಡಿದು ಎಳೆದರೆ, ಚಿತ್ರ ಥಟ್ಟನೆ ಬಲಕ್ಕೂ ಕೆಳಕ್ಕೂ ಹಾರಿ ಮೂಲೆ ಕರ್ಸರ್‌ಗೆ ಬರುತ್ತದೆ. ಕಣ್ಣಿಗೆ ಕಿರಿಕಿರಿ. ಹಿಡಿದ ಜಾಗದಲ್ಲೇ ಚಿತ್ರ ನಿಲ್ಲಬೇಕಾದರೆ ಆಫ್‌ಸೆಟ್ ಮೈನಸ್ 120, ಮೈನಸ್ 90 ಆಗಬೇಕು. ಕರ್ಸರ್‌ನಿಂದ ಚಿತ್ರದ ಮೂಲೆ ಎಷ್ಟು ದೂರ ಅನ್ನೋದು ಇಲ್ಲಿನ ಲೆಕ್ಕ, ಅದಕ್ಕೇ ಮೈನಸ್. ಈ ಒಂದು ತಿದ್ದುಪಡಿಯಿಂದ ಡ್ರ್ಯಾಗ್ ಅನುಭವವೇ ಬದಲಾಗುತ್ತದೆ. ಫೋಟೊ ನಿಜವಾಗಿ ಬೆರಳಿಗೆ ಸಿಕ್ಕಿದೆ ಅನಿಸುತ್ತದೆ. ಯಾವ ದಾರಿ ಹಿಡಿದರೂ ಇದನ್ನು ಬಿಡಬೇಡಿ.

ಈ ದಾರಿಯ ದೊಡ್ಡ ಲಾಭ ಅಂದರೆ ಚಿತ್ರ ನಮ್ಮ ವಿಂಡೋ ದಾಟಿಯೂ ಹೋಗುತ್ತದೆ. ಡೆಸ್ಕ್‌ಟಾಪ್ ಮೇಲೆ, ಇನ್ನೊಂದು ಪ್ರೋಗ್ರಾಂ ಮೇಲೆ, ಎರಡನೇ ಮಾನಿಟರ್‌ಗೆ, ಎಲ್ಲಿ ಬೇಕಾದರೂ. ಅದನ್ನು ಪದೇ ಪದೇ ಬರೆಯುವ ಹೊರೆ ನಮ್ಮ ಪ್ರೋಗ್ರಾಂ ಮೇಲೆ ಬೀಳುವುದಿಲ್ಲ. ಮ್ಯಾಕ್‌ನಲ್ಲಂತೂ ಬಹಳ ಚೆನ್ನಾಗಿ ಕಾಣುತ್ತದೆ.

ಕೊರತೆಗಳೂ ಇವೆ. ಡ್ರ್ಯಾಗ್ ಶುರುವಾದ ಮೇಲೆ ಚಿತ್ರ ಬದಲಿಸಲು ಬರುವುದಿಲ್ಲ. ಮೊದಲು ಕೊಟ್ಟಿದ್ದೇ ಕೊನೆಯವರೆಗೆ. ವಿಂಡೋಸ್ ತಾನೇ ಚಿತ್ರವನ್ನು ಸ್ವಲ್ಪ ಪಾರದರ್ಶಕ ಮಾಡುತ್ತದೆ, ಹಾಗಾಗಿ ನಾವು ಮೊದಲೇ ತೆಳು ಮಾಡಿ ಕೊಟ್ಟರೆ ಇನ್ನೂ ತೆಳುವಾಗಿ ಬಿಳಿಚಿಕೊಳ್ಳುತ್ತದೆ. ದೊಡ್ಡ ಚಿತ್ರ ಕೊಟ್ಟರೆ ಅಂಚಿನ ಕಡೆಗೆ ಮಸುಕಾಗುತ್ತಾ ಹೋಗುತ್ತದೆ. ಥಂಬ್‌ನೇಲ್ ಗಾತ್ರದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾದ ಕೊರತೆ ಲಿನಕ್ಸ್‌ನದು. ಡ್ರ್ಯಾಗ್ ಶುರುಮಾಡುವ ಡ್ರ್ಯಾಗ್‌ಸೋರ್ಸ್ ಕ್ಲಾಸ್‌ನಲ್ಲಿ ಇಸ್‌ಡ್ರ್ಯಾಗ್‌ಇಮೇಜ್‌ಸಪೋರ್ಟೆಡ್ ಅಂತ ಒಂದು ಮೆಥಡ್ ಇದೆ. ವಿಂಡೋಸ್, ಮ್ಯಾಕ್‌ನಲ್ಲಿ ಅದು ಹೌದು ಅನ್ನುತ್ತದೆ, ನನ್ನ ಲಿನಕ್ಸ್‌ನಲ್ಲಿ ಇಲ್ಲ ಅನ್ನುತ್ತದೆ. ಎರರ್ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ, ಚಿತ್ರ ಮಾತ್ರ ಕಾಣುವುದಿಲ್ಲ. ನೀವು ವಿಂಡೋಸ್‌ನಲ್ಲೇ ಬರೆದು ವಿಂಡೋಸ್‌ನಲ್ಲೇ ಪರೀಕ್ಷಿಸುವವರಾದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೇ ದಾರಿ, ಪುಟ್ಟ ವಿಂಡೋ. ಜೆವಿಂಡೋ (ಅಂಚು, ಶೀರ್ಷಿಕೆ ಪಟ್ಟಿ ಇಲ್ಲದ ವಿಂಡೋ) ಒಂದನ್ನು ಮಾಡಿ, ಹಿನ್ನೆಲೆ ಪೂರ್ತಿ ಪಾರದರ್ಶಕವಾಗುವಂತೆ ಬಣ್ಣದ ಆಲ್ಫಾ ಸೊನ್ನೆಗೆ ಇಳಿಸಿ, ಯಾವಾಗಲೂ ಮೇಲೆ ಇರುವಂತೆ ಹೇಳಿ, ಕರ್ಸರ್ ಹೋದಲ್ಲೆಲ್ಲ ಓಡಿಸುವುದು. ಕೇಳಲಿಕ್ಕೆ ಚೆನ್ನಾಗಿದೆ ಅಲ್ವಾ? ಚಿತ್ರ ಬೇಕಾದಾಗ ಬದಲಿಸಬಹುದು, ವಿಂಡೋ ದಾಟಿಯೂ ಹೋಗುತ್ತದೆ. ಎರಡೂ ಲಾಭ ಒಟ್ಟಿಗೆ ಸಿಕ್ಕಂತೆ ಕಾಣುತ್ತದೆ.

ತೊಂದರೆ ಶುರುವಾಗುವುದು ಬಿಡುವಾಗ. ಪುಟ್ಟ ವಿಂಡೋ ಕರ್ಸರ್‌ನ ಅಡಿಯಲ್ಲೇ ಇದ್ದರೆ ಸಿಸ್ಟಂ ಪ್ರಕಾರ ಫೋಟೊ ಬಿದ್ದಿದ್ದು ಆ ವಿಂಡೋ ಮೇಲೆ, ಪುಟದ ಮೇಲೆ ಅಲ್ಲ. ಅದಕ್ಕೆ ಡ್ರಾಪ್ ತೆಗೆದುಕೊಳ್ಳಲು ಬರುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ. ಇದಕ್ಕೆ ಎಲ್ಲರೂ ಮಾಡುವುದು ವಿಂಡೋವನ್ನು ಕರ್ಸರ್‌ನಿಂದ ಹತ್ತು ಹದಿನೈದು ಪಿಕ್ಸೆಲ್ ಬಲಕ್ಕೆ, ಕೆಳಕ್ಕೆ ಸರಿಸಿ ಇಡುವುದು. ಆಗ ಡ್ರಾಪ್ ಸರಿಯಾಗುತ್ತದೆ. ಆದರೆ ಹಿಡಿದ ಜಾಗದಲ್ಲೇ ಚಿತ್ರ ನಿಲ್ಲುವ ಸುಖ ಹೋಯಿತು. ಇನ್ನೂ ಒಂದಿದೆ. ಮೌಸನ್ನು ಜೋರಾಗಿ ಬಲಕ್ಕೆ ಎಳೆದು ನೋಡಿ. ವಿಂಡೋ ಹಿಂದೆ ಬೀಳುತ್ತದೆ, ಕರ್ಸರ್ ಅದರೊಳಗೆ ನುಗ್ಗುತ್ತದೆ. ಆ ಒಂದು ಗಳಿಗೆ ಪುಟಕ್ಕೆ ಡ್ರ್ಯಾಗ್ ಹೊರಗೆ ಹೋಯಿತು ಅನ್ನುವ ಇವೆಂಟ್ ಬರುತ್ತದೆ, ಮರುಗಳಿಗೆ ಮತ್ತೆ ಒಳಗೆ ಬಂತು ಅಂತ. ಗುರುತು ಮಾಡಿದ್ದ ಚೌಕದ ಬಣ್ಣ ಮಿಣಮಿಣ ಅನ್ನುತ್ತದೆ. ಇದನ್ನು ಸರಿಮಾಡಲು ಟೈಮರ್ ಹಾಕಿ, ಬಣ್ಣ ತಡವಾಗಿ ತೆಗೆಯುವಂತೆ ಮಾಡಿ, ಹೀಗೆ ಒಂದರ ಮೇಲೊಂದು ತೇಪೆ ಹಾಕುತ್ತಾ ಹೋಗಬೇಕಾಗುತ್ತದೆ. ಅದೂ ಅಲ್ಲದೆ ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೋರಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನ ನಿಯಮದಲ್ಲಿ ಸಾಮಾನ್ಯ ವಿಂಡೋ ತಾನೆಲ್ಲಿ ನಿಲ್ಲಬೇಕು ಅಂತ ತಾನೇ ಹೇಳುವಂತಿಲ್ಲ. ಮುಂದಿನ ದಿನಗಳಿಗೆ ಈ ದಾರಿಯನ್ನು ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ. ಇದನ್ನು ಇಲ್ಲಿಗೇ ಬಿಟ್ಟೆ.

ಮೂರನೆಯದು ಗ್ಲಾಸ್ ಪೇನ್. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಸ್ವಿಂಗ್‌ನ ಪ್ರತಿ ಫ್ರೇಮ್‌ಗೂ ಎಲ್ಲದರ ಮೇಲೆ ಹೊದ್ದಿಸಿದ ಒಂದು ಪದರ ಇರುತ್ತದೆ. ಮಾಮೂಲಾಗಿ ಅದು ಅಡಗಿರುತ್ತದೆ. ಡ್ರ್ಯಾಗ್ ಶುರುವಾದಾಗ ಅದನ್ನು ತೋರಿಸಿ, ಅದರ ಚಿತ್ರ ಬರೆಯುವ ಮೆಥಡ್ ಪೇಂಟ್‌ಕಾಂಪೊನೆಂಟ್‌ನಲ್ಲಿ ನಮಗೆ ಬೇಕಾದ್ದು ಬರೆದರೆ ಆಯಿತು.

ಕರ್ಸರ್ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಡ್ರ್ಯಾಗ್ ನಡೆಯುವಾಗ, ಮೌಸ್ ಚಲನೆ ತಿಳಿಸುವ ಮಾಮೂಲಿ ಮೌಸ್‌ಮೋಷನ್‌ಲಿಸನರ್ ನಂಬುವಂತಿಲ್ಲ, ಮೌಸ್ ಆಗ ಡ್ರ್ಯಾಗ್ ವ್ಯವಸ್ಥೆಯ ಕೈಯಲ್ಲಿರುತ್ತದೆ. ಅದಕ್ಕಾಗಿಯೇ ಡ್ರ್ಯಾಗ್‌ಸೋರ್ಸ್‌ಮೋಷನ್‌ಲಿಸನರ್ ಇದೆ. ಟ್ರಾನ್ಸ್‌ಫರ್‌ಹ್ಯಾಂಡ್ಲರ್ ಒಳಗೊಳಗೆ ಬಳಸುವುದು ಡೀಫಾಲ್ಟ್ ಡ್ರ್ಯಾಗ್‌ಸೋರ್ಸನ್ನೇ. ಅದಕ್ಕೆ ಈ ಲಿಸನರ್ ಸೇರಿಸಿಬಿಟ್ಟರೆ ಟ್ರಾನ್ಸ್‌ಫರ್‌ಹ್ಯಾಂಡ್ಲರ್ ಬಿಡದೆಯೇ ಕೆಲಸ ಆಗುತ್ತದೆ. ಇವೆಂಟ್ ಕೊಡುವ ಸ್ಥಾನ ಇಡೀ ಸ್ಕ್ರೀನಿನ ಲೆಕ್ಕದ್ದು. ಅದನ್ನು ಸ್ವಿಂಗ್‌ಯುಟಿಲಿಟೀಸ್‌ನ ಕನ್ವರ್ಟ್‌ಪಾಯಿಂಟ್‌ಫ್ರಂಸ್ಕ್ರೀನ್ ಮೂಲಕ ಗ್ಲಾಸ್ ಪೇನ್ ಲೆಕ್ಕಕ್ಕೆ ತಂದುಕೊಳ್ಳಬೇಕು.

ಇಲ್ಲಿ ವೇಗ ಪೂರ್ತಿ ನಿಮ್ಮ ಕೈಯಲ್ಲಿದೆ. ಪ್ರತಿ ಸಲ ಜಾಗ ಹೇಳದೆ ಬರಿಯ ರಿಪೇಂಟ್ (ಮತ್ತೆ ಬರೆ ಅನ್ನುವ ಮೆಥಡ್) ಕರೆದರೆ ಗ್ಲಾಸ್ ಪೇನ್ ಜೊತೆಗೆ ಕೆಳಗಿನ ಇಡೀ ಪುಟವೂ ಮತ್ತೆ ಬರೆಯಲ್ಪಡುತ್ತದೆ, ಯಾಕೆಂದರೆ ಮೇಲಿನ ಪದರ ಪಾರದರ್ಶಕ. ಪುಟದ ತುಂಬ ದೊಡ್ಡ ಫೋಟೊಗಳಿದ್ದರೆ ಚಿತ್ರ ಕರ್ಸರ್‌ನ ಹಿಂದೆ ತೆವಳುತ್ತದೆ. ಬದಲಿಗೆ ಚಿತ್ರ ಮೊದಲಿದ್ದ ಜಾಗ, ಈಗ ಹೋಗುವ ಜಾಗ, ಈ ಎರಡನ್ನೂ ಒಳಗೊಂಡಷ್ಟು ಭಾಗಕ್ಕೆ ಮಾತ್ರ ರಿಪೇಂಟ್ ಹೇಳಿ. ಥಂಬ್‌ನೇಲ್ 160ಕ್ಕೆ 120 ಇದ್ದು, ಮೌಸ್ 40 ಪಿಕ್ಸೆಲ್ ಬಲಕ್ಕೆ ಸರಿದರೆ, ಮತ್ತೆ ಬರೆಯಬೇಕಾದ್ದು 200ಕ್ಕೆ 120 ಪಿಕ್ಸೆಲ್ ಮಾತ್ರ. ಅಂದರೆ 24,000 ಪಿಕ್ಸೆಲ್. 1920ಕ್ಕೆ 1080 ಇರುವ ಪೂರ್ತಿ ವಿಂಡೋ ಬರೆದರೆ 20 ಲಕ್ಷಕ್ಕೂ ಜಾಸ್ತಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಒಂದು ಬಿಂದು ತನ್ನೊಳಗಿದೆಯೇ ಅಂತ ಹೇಳುವ ಗ್ಲಾಸ್ ಪೇನ್‌ನ ಕಂಟೇನ್ಸ್ ಮೆಥಡ್ ಯಾವಾಗಲೂ ಇಲ್ಲ ಅನ್ನುವಂತೆ ಬರೆದಿಡಿ. ಆಗ ಮೌಸ್ ವಿಷಯದಲ್ಲಿ ಆ ಪದರ ಇದ್ದೂ ಇಲ್ಲದಂತೆ. ಕೆಳಗಿರುವ ಪುಟಕ್ಕೆ ತಲುಪಬೇಕಾದ್ದೆಲ್ಲ ತಲುಪುತ್ತದೆ.

ಈ ದಾರಿಯಲ್ಲಿ ಸಿಗುವ ನಿಜವಾದ ಬಲ ಅಂದರೆ ಚಿತ್ರ ದಾರಿಯಲ್ಲೇ ಬದಲಾಗಬಹುದು. ನನ್ನ ಪ್ರೋಗ್ರಾಂನಲ್ಲಿ ಫೋಟೊ ಥಂಬ್‌ನೇಲ್ ಆಗಿ ಹೊರಡುತ್ತದೆ. ಒಂದು ಖಾಲಿ ಚೌಕದ ಮೇಲೆ ಬಂದ ಕೂಡಲೇ ಆ ಚೌಕದ ಆಕಾರಕ್ಕೆ ಕತ್ತರಿಸಿಕೊಂಡು, ಅಲ್ಲಿ ಹೇಗೆ ಕೂರುತ್ತದೋ ಹಾಗೇ ತೋರಿಸುತ್ತದೆ. ಅಡ್ಡ ಫೋಟೊವನ್ನು ಉದ್ದ ಚೌಕಕ್ಕೆ ಹಾಕಿದರೆ ಮದುಮಗಳ ಪಕ್ಕ ನಿಂತವರು ಹೊರಗುಳಿಯುತ್ತಾರೋ ಅಂತ ಬಿಡುವ ಮೊದಲೇ ಗೊತ್ತಾಗುತ್ತದೆ. ಬಿಟ್ಟು, ನೋಡಿ, ರದ್ದು ಮಾಡಿ, ಮತ್ತೆ ಎಳೆಯುವ ಕೆಲಸ ಉಳಿಯಿತು. ಇಂಥದ್ದು ಮೊದಲ ದಾರಿಯಲ್ಲಿ ಸಾಧ್ಯವೇ ಇಲ್ಲ. ಹೆಚ್ಚು ಸಾಂದ್ರತೆಯ ಸ್ಕ್ರೀನ್‌ಗಳಲ್ಲಿಯೂ ಇದು ಚೆನ್ನಾಗಿದೆ. ಜಾವಾ 9ರಿಂದ ವಿಂಡೋಸ್, ಲಿನಕ್ಸ್‌ನಲ್ಲೂ ಸ್ವಿಂಗ್ ಸ್ಕ್ರೀನಿಗೆ ತಕ್ಕಂತೆ ಹಿಗ್ಗಿಸಿ ಬರೆಯುತ್ತದೆ. ಸಣ್ಣ ನಕಲಿನ ಬದಲು ದೊಡ್ಡ ಮೂಲ ಫೋಟೊದಿಂದಲೇ ನೇರವಾಗಿ ಬರೆದರೆ ಚಿತ್ರ ಚೂಪಾಗಿ ಕಾಣುತ್ತದೆ.

ಕೊರತೆ ಒಂದೇ, ಆದರೆ ದೊಡ್ಡದು. ವಿಂಡೋ ಅಂಚಿಗೆ ಬಂದರೆ ಚಿತ್ರ ಅಲ್ಲೇ ಕತ್ತರಿಸಿದಂತೆ ಮಾಯ. ಎರಡು ಫ್ರೇಮ್‌ಗಳ ನಡುವೆ ಎಳೆಯುವಂತಿದ್ದರೆ ಎರಡಕ್ಕೂ ಗ್ಲಾಸ್ ಪೇನ್ ಹಾಕಿ ಎರಡರಲ್ಲೂ ಬರೆಯಬೇಕು. ಹೊರಗಿನ ಫೋಲ್ಡರ್‌ಗೆ ಎಳೆಯುವುದಿದ್ದರೆ ಈ ದಾರಿ ಸಾಲದು.

ಜಾವಾ 7ರಲ್ಲೇ ಬಂದ ಜೆಲೇಯರ್ ಕೂಡ ಇದೇ ಜಾತಿಯದು. ತಾನು ಸುತ್ತುವರಿದ ಒಂದು ಕಾಂಪೊನೆಂಟ್ (ಪರದೆಯ ಒಂದು ಭಾಗ) ಮೇಲೆ ಬರೆಯುತ್ತದೆ. ಲಿಸ್ಟ್ ಒಳಗೇ ಸಾಲು ಹಿಂದೆ ಮುಂದೆ ಮಾಡುವಂಥ ಕೆಲಸಕ್ಕೆ ಸಾಕು, ಇಲ್ಲಿಗೆ ನಾನು ಬಳಸಲಿಲ್ಲ.

ಸ್ವಿಂಗ್ ಬಿಟ್ಟು ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಸ್ವಿಂಗ್‌ನಂಥದ್ದೇ ಹೊಸ ಜಾವಾ ಟೂಲ್‌ಕಿಟ್ ಆದ ಜಾವಾಎಫ್‌ಎಕ್ಸ್ 8ರಲ್ಲಿ, ಎಳೆಯುವ ಡೇಟಾ ಹಿಡಿದಿಡುವ ಡ್ರ್ಯಾಗ್‌ಬೋರ್ಡ್‌ಗೆ ಸೆಟ್‌ಡ್ರ್ಯಾಗ್‌ವ್ಯೂ ಬಂತು. ನೋಡ್‌ನ (ಪರದೆ ಮೇಲಿನ ಒಂದು ಅಂಶದ) ಸ್ನ್ಯಾಪ್‌ಶಾಟ್ ತೆಗೆದು ನೇರ ಅದಕ್ಕೇ ಕೊಡಬಹುದು. ಹಿನ್ನೆಲೆ ಪಾರದರ್ಶಕ ಮಾಡುವುದನ್ನು ಮರೆತರೆ ಗುಂಡನೆ ಮೂಲೆಗಳ ಸುತ್ತ ಬಿಳಿ ಕಾಣುತ್ತದೆ. ಸಿ++ನ ಟೂಲ್‌ಕಿಟ್ ಆದ ಕ್ಯೂಟಿಯಲ್ಲಿ ಡ್ರ್ಯಾಗ್ ನಡೆಸುವ ಕ್ಯೂಡ್ರ್ಯಾಗ್‌ಗೆ ಸೆಟ್‌ಪಿಕ್ಸ್‌ಮ್ಯಾಪ್, ಸೆಟ್‌ಹಾಟ್‌ಸ್ಪಾಟ್ ಎರಡೇ ಸಾಲು, ಲಿನಕ್ಸ್‌ನಲ್ಲೂ ಚಿತ್ರ ಬರುತ್ತದೆ. ಚಿತ್ರ ತೋರಿಸುವುದೊಂದೇ ಲೆಕ್ಕವಾದರೆ ಕ್ಯೂಟಿ ಮುಂದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ವಿಂಡೋಸ್‌ನಲ್ಲಿ ಡ್ರ್ಯಾಗ್ ಮುಗಿಯುವವರೆಗೆ ಕ್ಯೂಟಿಯ ಇವೆಂಟ್ ಲೂಪ್ (ಮೌಸ್, ಕೀಬೋರ್ಡ್ ಇವೆಂಟ್‌ಗಳನ್ನು ನೋಡಿಕೊಳ್ಳುವ ಭಾಗ) ನಿಂತಿರುತ್ತದೆ ಅನ್ನುವುದು ಗಮನದಲ್ಲಿರಲಿ. ಜಾವಾಎಫ್‌ಎಕ್ಸ್, ಕ್ಯೂಟಿ ಎರಡರಲ್ಲೂ ಆಫ್‌ಸೆಟ್ ಲೆಕ್ಕ ಸ್ವಿಂಗ್‌ಗೆ ಉಲ್ಟಾ. ಚಿತ್ರದ ಮೂಲೆಯಿಂದ ಕರ್ಸರ್ ಎಷ್ಟು ದೂರ ಅಂತ ಕೇಳುತ್ತವೆ, ಹಾಗಾಗಿ 120, 90 ಅಂತ ಪ್ಲಸ್‌ನಲ್ಲೇ ಕೊಡಬೇಕು. ಕೋಡ್ ಅಲ್ಲಿಂದ ಇಲ್ಲಿಗೆ ತರುವಾಗ ಚಿತ್ರ ದೂರ ಎಲ್ಲೋ ತೇಲುತ್ತಿದ್ದರೆ ಮೊದಲು ಇದನ್ನು ನೋಡಿ.

ಕೊನೆಗೆ ನನ್ನ ಪ್ರೋಗ್ರಾಂನಲ್ಲಿ ಉಳಿದಿರುವುದು ಎರಡು. ಪುಟ ಜೋಡಿಸುವ ಮುಖ್ಯ ಕೆಲಸಕ್ಕೆ ಮೂರೂ ಸಿಸ್ಟಂಗಳಲ್ಲಿ ಗ್ಲಾಸ್ ಪೇನ್. ಮುಗಿದ ಪುಟವನ್ನು ಹೊರಗಿನ ಫೋಲ್ಡರ್‌ಗೆ ಎಳೆಯುವ ಕಡೆ ಸೆಟ್‌ಡ್ರ್ಯಾಗ್‌ಇಮೇಜ್. ಅಲ್ಲಿ ಸಪೋರ್ಟ್ ಇದೆಯೋ ಇಲ್ಲವೋ ಅಂತ ಪ್ರೋಗ್ರಾಂ ಓಡುವಾಗಲೇ ಕೇಳುತ್ತೇನೆ, ಇಲ್ಲದಿದ್ದರೆ ವಿಂಡೋದ ಕೆಳಗಿನ ಪಟ್ಟಿಯಲ್ಲಿ ಪುಟದ ಹೆಸರು ತೋರಿಸುತ್ತೇನೆ. ಒಂದೇ ಡ್ರ್ಯಾಗ್‌ಗೆ ಎರಡನ್ನೂ ಹಾಕುವುದಿಲ್ಲ. ಹಾಕಿದರೆ ಒಂದೇ ಫೋಟೊ ಎರಡೆರಡು ಕಾಣುತ್ತದೆ.

ಹಲವು ಫೋಟೊಗಳನ್ನು ಒಟ್ಟಿಗೆ ಎಳೆಯುವಾಗ ಎಲ್ಲವನ್ನೂ ಬರೆಯಲು ಹೋಗಬೇಡಿ. ಮೇಲಿನ ಮೂರನ್ನು ನಾಲ್ಕು ನಾಲ್ಕು ಪಿಕ್ಸೆಲ್ ಸರಿಸಿ ಒಂದರ ಮೇಲೊಂದು ಬರೆದು, ಮೂಲೆಯಲ್ಲಿ ಎಷ್ಟಿವೆ ಅಂತ ಅಂಕಿ ಹಾಕಿದರೆ ಸಾಕು. ಅಂಕಿ ಮಾತ್ರ ಕರ್ಸರ್ ಬಾಣದ ಅಡಿಗೆ ಬರದಂತೆ ಎಡ ಮೇಲ್ಮೂಲೆಯಲ್ಲಿಡಿ. ಎಸ್ಕೇಪ್ ಒತ್ತಿ ಡ್ರ್ಯಾಗ್ ಬಿಟ್ಟರೂ, ಡ್ರ್ಯಾಗ್ ಮುಗಿಯಿತು ಅಂತ ಟ್ರಾನ್ಸ್‌ಫರ್‌ಹ್ಯಾಂಡ್ಲರ್‌ಗೆ ಎಕ್ಸ್‌ಪೋರ್ಟ್‌ಡನ್ ಕರೆ ಬಂದೇ ಬರುತ್ತದೆ, ಆಗ ಅದರಲ್ಲಿ ಆ್ಯಕ್ಷನ್ ನನ್ (ಏನೂ ಆಗಲಿಲ್ಲ) ಅಂತ ಇರುತ್ತದೆ. ಗ್ಲಾಸ್ ಪೇನ್ ಅಡಗಿಸುವ ಸಾಲನ್ನು ಅಲ್ಲೇ ಇಡಿ. ಪುಟದ ಡ್ರಾಪ್ ಕೋಡ್‌ನಲ್ಲಿ ಇಟ್ಟರೆ ಎಸ್ಕೇಪ್ ಒತ್ತಿದಾಗ ಫೋಟೊ ಸ್ಕ್ರೀನ್ ಮೇಲೆ ಹಾಗೇ ನಿಂತುಬಿಡುತ್ತದೆ.