ದಾಖಲೆ ಮಾಡಿಸುತ್ತೇವೆ ಎನ್ನುವವರಿಗೆ ಕಿವಿ ಕೊಡಬೇಡಿ

ಹಾಸನದಲ್ಲಿ ಕಿವಿ, ಮೂಗು ಮುಂತಾದೆಡೆ ಚುಚ್ಚಿ ಆಭರಣ ತೊಡಿಸುವ ಒಂದು ಪಿಯರ್ಸಿಂಗ್ ಅಂಗಡಿಯವರು, ಒಂದೇ ದಿನದಲ್ಲಿ ಅತಿ ಹೆಚ್ಚು ಚುಚ್ಚಿಸಿಕೊಂಡವರಿಗೆ ವಿಶ್ವದಾಖಲೆಯ ಪ್ರಮಾಣಪತ್ರ ಕೊಡಿಸುವುದಾಗಿ ನಂಬಿಸಿ, ಕಾಲೇಜು ಹುಡುಗರಿಂದ ಪ್ರವೇಶ ಶುಲ್ಕ ಪಡೆದರು. ಅವರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ಅವನ ಬಲಗಿವಿಯ ಮೇಲ್ಭಾಗ ಈಗ ಮುದುಡಿಕೊಂಡಿದೆ. ಪ್ರಮಾಣಪತ್ರ ಬಂದಿಲ್ಲ. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಆಮಿಷ ಬೇರೆ ಹೆಸರಿನಲ್ಲಿ ಬಂದರೂ ಗುರುತು ಹಿಡಿಯಲು ಸಾಧ್ಯವಾಗಲೆಂದು ನಡೆದದ್ದನ್ನಷ್ಟೇ ತಿಳಿಸುತ್ತಿದ್ದೇನೆ.

ಹುಡುಗರನ್ನು ಸೆಳೆಯಲು ಅವರು ತೋರಿಸುತ್ತಿದ್ದದ್ದು ಜರ್ಮನಿಯ ರಾಲ್ಫ್ ಬುಕ್‌ಹೋಲ್ಜ್ ಅವರ ಚಿತ್ರ. 2010ರ ಎಣಿಕೆಯಲ್ಲಿ ಅವರ ಮೈಮೇಲೆ 453 ಚುಚ್ಚುಗಳಿದ್ದವು. 2012ರಲ್ಲಿ ಹಚ್ಚೆ, ಚರ್ಮದಡಿ ಕೂರಿಸಿದ ಇಂಪ್ಲಾಂಟುಗಳೂ ಸೇರಿ 516 ಮಾರ್ಪಾಡುಗಳೆಂದು ಗಿನ್ನೆಸ್ ದಾಖಲಿಸಿತು. ಆದರೆ ಅವರು ಇದನ್ನು ಆರಂಭಿಸಿದ್ದೇ ನಲವತ್ತರ ಆಸುಪಾಸಿನಲ್ಲಿ, ಸಂಖ್ಯೆ ಏರಿದ್ದು ವರ್ಷಗಳ ಅವಧಿಯಲ್ಲಿ ಎಂಬುದನ್ನು ಅಂಗಡಿಯವರು ಹೇಳಲಿಲ್ಲ. ಎಡಿನ್‌ಬರೋದಲ್ಲಿ ನೆಲೆಸಿದ ಬ್ರೆಜಿಲ್ ಮೂಲದ ಇಲೇನ್ ಡೇವಿಡ್‌ಸನ್ ಕೂಡ 1997ರಲ್ಲಿ ಮೊದಲ ಚುಚ್ಚು ಹಾಕಿಸಿಕೊಂಡು, 2000ದ ಮೇ ತಿಂಗಳ ಎಣಿಕೆಯ ಹೊತ್ತಿಗೆ 462ಕ್ಕೆ ತಲುಪಿದವರು. ಅಂಥ ದೇಹಗಳನ್ನು ಮೆಚ್ಚುವುದು ಬಿಡುವುದು ಅವರವರ ಅಭಿರುಚಿ. ನನಗಂತೂ ಅದರಲ್ಲಿ ಆಸಕ್ತಿಯಿಲ್ಲ. ವರ್ಷಗಟ್ಟಲೆ ನಡೆದ ಕೆಲಸವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿ ಮಾರುವುದು ಮಾತ್ರ ಶುದ್ಧ ಮೋಸ.

ಕಿವಿಯ ಹಾಲೆ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮಾಯುತ್ತದೆ. ಮೇಲಂಚಿಗೆ ಆಕಾರ ಕೊಡುವ ಮೃದ್ವಸ್ಥಿಗೆ, ಅಂದರೆ ಮೆದು ಎಲುಬಿಗೆ, ಸ್ವಂತ ರಕ್ತನಾಳಗಳಿಲ್ಲ. ಅದನ್ನು ಹೊದ್ದಿರುವ ತೆಳುಪೊರೆಯಿಂದಲೇ ಅದಕ್ಕೆ ಪೋಷಣೆ ದೊರೆಯುವುದರಿಂದ, ಅಲ್ಲಿನ ಗಾಯ ಮಾಯಲು ಆರು ತಿಂಗಳಿಂದ ಒಂದು ವರ್ಷದವರೆಗೂ ಬೇಕಾಗಬಹುದು. ಪೊರೆಯ ಕೆಳಗೆ ಕೀವು ತುಂಬಿ ಪೋಷಣೆ ತಪ್ಪಿದರೆ ಮೃದ್ವಸ್ಥಿ ಸತ್ತು ಕಿವಿ ಕುಸಿಯುತ್ತದೆ. ನಮ್ಮ ಹುಡುಗನ ಕಿವಿಯಂಚಿನುದ್ದಕ್ಕೂ ಸಾಲಾಗಿ ಹೊಡೆದದ್ದು ಸೂಜಿಯಿಂದಲ್ಲ, ಸ್ಪ್ರಿಂಗ್ ಗನ್ನಿನಿಂದ. ಮೊಂಡು ಮೊನೆಯ ಸ್ಟಡ್ಡನ್ನು ಅದು ಬಲವಂತವಾಗಿ ನುಗ್ಗಿಸುವುದರಿಂದ ಮೃದ್ವಸ್ಥಿ ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಗನ್ನನ್ನು ಆಟೋಕ್ಲೇವಿನ ಬಿಸಿ ಹಬೆಯಲ್ಲಿಟ್ಟು ಶುದ್ಧಿ ಮಾಡಲೂ ಆಗದು. ಅಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಅದೇ ಗನ್ನನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬಳಸಿದ್ದಾರೆ. ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುವ ರೋಗವೆಂಬುದು ಗೊತ್ತಿರುವ ಯಾರೂ ಇದನ್ನು ಒಪ್ಪಲಾರರು.

ನಮ್ಮ ಅಜ್ಜಿಯರು ಕಿವಿಯ ಮೇಲ್ಭಾಗಕ್ಕೆ ಬುಗುಡಿ ಹಾಕುತ್ತಿರಲಿಲ್ಲವೇ ಎಂದು ಅಂಗಡಿಯವರು ವಾದಿಸಿದರಂತೆ. ಹಾಕುತ್ತಿದ್ದರು ನಿಜ, ಆದರೆ ಕಿವಿಯಂಚನ್ನೆಲ್ಲ ಒಂದೇ ದಿನ ಜಲ್ಲಡಿ ಮಾಡಿಸಿಕೊಳ್ಳುತ್ತಿರಲಿಲ್ಲ.

ಊತ ಕಾಣಿಸಿಕೊಂಡಾಗ ನಾನು ವೈದ್ಯರ ಬಳಿಗೆ ಕರೆದರೆ ಅವನು, "ದೊಡ್ಡಮ್ಮ, ಉರಿಯೋದು ಸಹಜವಂತೆ, ಅಂಗಡಿಯವರು ಮುಲಾಮು ಕೊಟ್ಟಿದ್ದಾರೆ" ಎಂದ. ಅಮೂಲ್ಯವಾದ ಸಮಯ ಹೋದದ್ದೇ ಆ ಮುಲಾಮಿನಲ್ಲಿ. ಕಿವಿಯ ಮೇಲ್ಭಾಗ ಕೆಂಪಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋಯುತ್ತಿದ್ದು, ಹಾಲೆ ಮಾತ್ರ ಎಂದಿನಂತಿದ್ದರೆ ಅದು ಮೃದ್ವಸ್ಥಿಯ ಪೊರೆಗೆ ಸೋಂಕು ತಗುಲಿರುವ ಲಕ್ಷಣ. ಆ ದಿನವೇ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಬೇಕು. ಇಂಥ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಕ್ಕೆ ಎಲ್ಲ ಆ್ಯಂಟಿಬಯೋಟಿಕ್‌ಗಳೂ ನಾಟುವುದಿಲ್ಲವಾದ್ದರಿಂದ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆಯನ್ನು ನೆಚ್ಚಿಕೊಳ್ಳಬಾರದು. ನಮ್ಮ ಹುಡುಗನಿಗೆ ಕೀವನ್ನು ಕೊಯ್ದು ತೆಗೆಯಬೇಕಾಯಿತು.

ಶುಲ್ಕವನ್ನು ಫೋನಿನಲ್ಲೇ ಪಾವತಿಸಿದ್ದರಿಂದ ಅದರ ದಾಖಲೆ ಉಳಿದಿದೆ. ಇದೇ ಅಂಗಡಿಯ ಮಾತಿಗೆ ಹಣ ಕೊಟ್ಟವರು ಪಾವತಿಯ ವಿವರ, ಗಾಯದ ಫೋಟೊ, ಆಸ್ಪತ್ರೆಯ ಚೀಟಿಗಳನ್ನು ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.